ಹೆಬ್ಬೆರಳಿನ ಜಾಗ

ಗುಡ್ಡದ ಓಟಕ್ಕೆ ಇನ್ನೂ ಮೂರು ವಾರ ಇದೆ ಅನ್ನುವಾಗಲೇ ಕಂಡಕ್ಟರ್ ಊರಿನ ಬಾಯಿಗೆ ಸಿಕ್ಕಿಬಿದ್ದಿದ್ದ. ಕ್ಷೌರದ ಅಂಗಡಿಗೆ ಹೋದರೆ ಅಲ್ಲಿ, ಔಷಧಿ ಅಂಗಡಿಗೆ ಹೋದರೆ ಅಲ್ಲಿ, ಬೆಳಗ್ಗೆ ಹಾಲು ತರಲು ಹೋದರೆ ಅಲ್ಲಿಯೂ ಅದೇ ಮಾತು. ಈ ಸಲ ನಿಮ್ಮ ಅಳಿಯ ನಿಮ್ಮ ದಾಖಲೆ ಮುರಿಯುತ್ತಾನಂತೆ, ಹೌದೇ? ಗುಡ್ಡದ ನೆತ್ತಿಯ ಮೇಲೆ ನೀವೇ ಕೂತಿರುತ್ತೀರಲ್ಲ, ಬಿಡುತ್ತೀರೋ ಇಲ್ಲ ಹಿಡಿದಿಟ್ಟುಕೊಳ್ಳುತ್ತೀರೋ? ಕೇಳಿದವರೆಲ್ಲ ನಗುತ್ತಿದ್ದರು. ಅವನೂ ಹಲ್ಲು ಕಿರಿದು, ಮನೆಗೆ ಬಂದು, ಬಾಗಿಲನ್ನು ದಢಾರನೆ ಹಾಕಿಕೊಳ್ಳುತ್ತಿದ್ದ.

ಬಸ್ಸಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ಟಿಗೆ ತೂತು ಹೊಡೆದು, ಬಾಗಿಲಲ್ಲಿ ನಿಂತವರನ್ನು ಒಳಗೆ ತಳ್ಳಿ, ಅರ್ಧ ಊರಿನ ಜೊತೆ ಜಗಳವಾಡಿ ನಿವೃತ್ತನಾದ ಮನುಷ್ಯ ಅವನು. ಕೋಪ ಮೂಗಿನ ತುದಿಯಲ್ಲಿ, ನಿಯಮ ನಾಲಿಗೆಯ ತುದಿಯಲ್ಲಿ. ಹೆಂಡತಿ ತೀರಿಹೋಗಿ ಎಂಟು ವರ್ಷವಾಗಿತ್ತು. ಇದ್ದ ಒಬ್ಬಳೇ ಮಗಳು ಮದುವೆಯಾಗಿ ಎರಡು ಬೀದಿ ಆಚೆ ಇದ್ದಳು. ಅವನದು ಅಂತ ಉಳಿದದ್ದು ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ, ಓಟದ ಕ್ಲಬ್ಬಿನ ಕೋಣೆಯಲ್ಲಿ, ಗೋಡೆಗೆ ನೇತುಹಾಕಿದ ಒಂದು ಮರದ ಹಲಗೆ. ಅದರ ಮೇಲೆ ಹಳದಿ ಬಣ್ಣದಲ್ಲಿ ಅವನ ಹೆಸರು, ಹೆಸರಿನ ಮುಂದೆ ಒಂದು ಗಂಟೆ ಮೂವತ್ತೆಂಟು ನಿಮಿಷ ಹನ್ನೆರಡು ಸೆಕೆಂಡು. ಇಪ್ಪತ್ತಮೂರು ವರ್ಷದಿಂದ ಆ ಬಣ್ಣವನ್ನು ಯಾರೂ ಕೆರೆದಿರಲಿಲ್ಲ. ವಾರಕ್ಕೊಮ್ಮೆಯಾದರೂ ಏನೋ ನೆಪ ಹೇಳಿಕೊಂಡು ಅವನು ಮಹಡಿ ಹತ್ತುತ್ತಿದ್ದ. ಕ್ಲಬ್ಬಿನ ಸೆಕ್ರೆಟರಿಯೂ ಆಗಿದ್ದ ಅಂಗಡಿಯವನು ಕೆಳಗಿನಿಂದಲೇ, ಹಲಗೆ ಇನ್ನೂ ಅಲ್ಲೇ ಇದೆಯಾ ನೋಡಿಕೊಂಡು ಬನ್ನಿ ಎಂದು ಚುಚ್ಚುತ್ತಿದ್ದ.

ಅಳಿಯ ಲಿಫ್ಟ್ ಮೆಕ್ಯಾನಿಕ್. ಜನರನ್ನು ನಿಂತಲ್ಲಿಂದಲೇ ಮೇಲಕ್ಕೆತ್ತುವ ಯಂತ್ರ ರಿಪೇರಿ ಮಾಡುವವನಿಗೆ ಕಾಲಲ್ಲಿ ಗುಡ್ಡ ಹತ್ತುವ ಹುಚ್ಚು ಯಾಕೆ ಹಿಡಿಯಿತೋ, ಅದನ್ನು ಅವನೇ ಹೇಳಬೇಕು. ಆಳು ಒಳ್ಳೆಯವನೇ ಇರಬಹುದು, ಮಗಳಿಗೆ ಅವನು ಅಂದರೆ ಜೀವ. ಆದರೆ ಮದುವೆಯಾದ ವರ್ಷವೇ ಅವನು ಅಳತೆಯ ಚಕ್ರವೊಂದನ್ನು ತಳ್ಳಿಕೊಂಡು ಓಟದ ಹಳೆಯ ದಾರಿಯಲ್ಲಿ ಹೋಗಿಬಂದ. ಮಾವ ಓಡಿದ ಕಾಲದಲ್ಲಿ ದಾರಿ ಈಗಿನದಕ್ಕಿಂತ ನಾನೂರು ಮೀಟರ್ ಕಡಿಮೆ ಇತ್ತು ಎಂದು ಒಂದು ಹಾಳೆಯಲ್ಲಿ ಬರೆದು, ನಕ್ಷೆ ಸಮೇತ, ಕ್ಲಬ್ಬಿನ ನೋಟೀಸ್ ಬೋರ್ಡಿಗೆ ಹಚ್ಚಿದ. ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ಬೋರ್ಡಿಗೆ ಹಚ್ಚಿದ್ದು ಮುಖಕ್ಕೆ ಹೊಡೆದ ಹಾಗಾಯಿತು. ಅಂದಿನಿಂದ ಆರು ವರ್ಷ ಕಂಡಕ್ಟರ್ ಅಳಿಯನನ್ನು ನೇರವಾಗಿ ಮಾತಾಡಿಸಿದ್ದಿಲ್ಲ. ಏನಿದ್ದರೂ ಮಗಳ ಮೂಲಕ, ಅದೂ "ನಿನ್ನ ಲಿಫ್ಟಿನವನಿಗೆ ಹೇಳು" ಎಂದು.

ಇನ್ನು ನೆತ್ತಿಯ ಮೇಲೆ ಕೂರುವ ವಿಚಾರ. ಹನ್ನೆರಡು ವರ್ಷದ ಹಿಂದೆ ಓಟಗಾರನೊಬ್ಬ ಚಳಿಗೆ ತಲೆಕೆಟ್ಟು ದಾರಿ ತಪ್ಪಿ ಕೊರಕಲಿಗೆ ಬಿದ್ದು ಸತ್ತ. ಆಮೇಲೆ ಕ್ಲಬ್ಬಿಗೆ ಒಂದು ನಿಯಮ ಬೇಕಾಯಿತು. ನಿಯಮ ಮಾಡಿದವನು ಕಂಡಕ್ಟರೇ. ಪ್ರತಿ ಓಟಗಾರನ ಕೊರಳಲ್ಲೂ ದಾರಕ್ಕೆ ಪೋಣಿಸಿದ ಅಂಗೈಯಷ್ಟು ದೊಡ್ಡ ಕಾರ್ಡು. ಕಾರ್ಡಿನ ಬಲಮೂಲೆಯಲ್ಲಿ ಕಪ್ಪು ಬೊಟ್ಟು. ನೆತ್ತಿ ಮುಟ್ಟಿದವನು ಆ ಬೊಟ್ಟಿನ ಮೇಲೆ ಹೆಬ್ಬೆರಳು ಒತ್ತಿ, ಕಾರ್ಡನ್ನು ತಾನೇ ಮುಂದೆ ಚಾಚಿ, ತನ್ನ ನಂಬರನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಎಡಮೂಲೆಗೆ ಒಂದು ತೂತು, ಒಂದು "ರೈಟ್", ಅವನಿನ್ನು ಇಳಿಯಬಹುದು. ಹೆಬ್ಬೆರಳು ಬಗ್ಗದಿದ್ದರೆ, ನಂಬರ್ ತೊದಲಿದರೆ, ತೂತು ಇಲ್ಲ, ಅವನು ಅಲ್ಲೇ ಡೇರೆಯಲ್ಲಿ ಕೂರಬೇಕು. ಚಳಿ ಮೊದಲು ತಿನ್ನುವುದು ಹೆಬ್ಬೆರಳನ್ನು, ಆಮೇಲೆ ಬುದ್ಧಿಯನ್ನು ಎಂದು ಕಂಡಕ್ಟರ್ ವಾದ. ಆ ವಾದವನ್ನು ಪರೀಕ್ಷೆ ಮಾಡಿದ್ದು ಅಡುಗೆಮನೆಯಲ್ಲಿ, ಆಗಿನ್ನೂ ಹದಿನೇಳು ವರ್ಷದ ಮಗಳ ಮೇಲೆ. ಬಕೆಟ್ಟಿನ ತುಂಬ ಐಸು ಹಾಕಿ, ಅವಳ ಕೈಯನ್ನು ಅದರೊಳಗೆ ಮುಳುಗಿಸಿ, ಗಡಿಯಾರ ನೋಡಿ, ಎತ್ತು, ಈಗ ಕಾರ್ಡ್ ಹಿಡಿ, ಬಿತ್ತಾ, ಇನ್ನೊಂದ್ಸಲ. ಅವಳ ಅಮ್ಮ ಮಗುವಿನ ಕೈ ಹಾಳುಮಾಡುತ್ತೀರಿ ಎಂದು ಬೈದರೂ ಅವಳು ನಗುತ್ತ ಮತ್ತೆ ಮತ್ತೆ ಕೈ ಮುಳುಗಿಸಿದ್ದಳು. ತೂತು ಹೊಡೆಯುವ ಪಂಚು ಬಸ್ಸಿನದೇ, ನಿವೃತ್ತಿಯ ದಿನ ಡಿಪೋದವರು ನೆನಪಿಗೆಂದು ಕೊಟ್ಟದ್ದು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಓಟದ ದಿನ ಅವನು ಅದನ್ನು ಡಿಪೋದಿಂದ ಸದ್ದಿಲ್ಲದೆ ಎತ್ತಿಕೊಂಡು ಬರುತ್ತಿದ್ದ.

ಓಟದ ಹಿಂದಿನ ದಿನ ಕ್ಲಬ್ಬಿನಲ್ಲಿ ಕಾರ್ಡು ಹಂಚುವಾಗ ಐವತ್ತು ಜನ ಸೇರಿದ್ದರು. ಅಳಿಯನಿಗೆ ಸಿಕ್ಕಿದ್ದು ಹದಿನೇಳನೇ ನಂಬರ್. ಅವನು ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಮೂಲೆಯಲ್ಲಿದ್ದ ಮಾವನ ಕಡೆ ತಿರುಗಿದ.

"ಗುಡ್ಡದ ಭಯ ನನಗಿಲ್ಲ ಮಾವ. ಮೇಲೆ ನೀವು ಇರ್ತೀರಲ್ಲ, ಅದೇ ಭಯ."

ಕೋಣೆಗೆ ಕೋಣೆಯೇ ನಕ್ಕಿತು. ಮಗಳು ಗಂಡನ ತೋಳು ಹಿಡಿದು ಜಗ್ಗಿದಳು. ಕಂಡಕ್ಟರಿಗೆ ಕಿವಿಯವರೆಗೂ ಉರಿ ಏರಿತು. ಆರು ವರ್ಷದ ಮೌನ ಮುರಿದು ಅವನು ಆಡಿದ ಮಾತು ಇಷ್ಟೇ:

"ಒಂದು ಸೆಕೆಂಡೂ ತಡೆಯಲ್ಲ. ಇಷ್ಟು ಜನರ ಮುಂದೆ ಹೇಳ್ತಿದೀನಿ. ನೀನು ಬರೋದು ಬಾ."

ಹೇಳಬಾರದಿತ್ತು. ತಡೆಯುವುದೇ ತನ್ನ ಕೆಲಸ ಎಂಬುದನ್ನು ಅವನು ಆ ಕ್ಷಣ ಮರೆತಿದ್ದ. ಅಲ್ಲಿದ್ದ ಐವತ್ತು ಜನರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಮಾರನೆಯ ದಿನ ಬೆಳಕು ಹರಿಯುವಾಗಲೇ ಕಂಡಕ್ಟರ್ ತನ್ನ ಹಳೆಯ ಜೊತೆಗಾರನನ್ನು ಕಟ್ಟಿಕೊಂಡು ಗುಡ್ಡ ಹತ್ತಿದ. ಜೊತೆಗಾರ ಅಂದರೆ ಡ್ರೈವರ್, ಇಪ್ಪತ್ತಾರು ವರ್ಷ ಒಂದೇ ಬಸ್ಸಿನಲ್ಲಿ ಒಬ್ಬ ಮುಂದೆ, ಒಬ್ಬ ಹಿಂದೆ. ವರ್ಷಾನುಗಟ್ಟಲೆ ಎಂಜಿನ್ನಿನ ಪಕ್ಕ ಕೂತು ಡ್ರೈವರನ ಎಡಕಿವಿ ಹೋಗಿತ್ತು. ಅವನ ಕೆಲಸ ಡೇರೆಯೊಳಗೆ ವೈರ್‌ಲೆಸ್ ಸೆಟ್ಟು ನೋಡಿಕೊಳ್ಳುವುದು. ಅರ್ಧ ದಾರಿಗೆ ಬರುವಷ್ಟರಲ್ಲಿ ಮೋಡ ಕಾಲಕೆಳಗಿನಿಂದ ಮೇಲೆದ್ದು ಬಂದು ಇಬ್ಬರನ್ನೂ ನುಂಗಿತು. ನೆತ್ತಿಯಲ್ಲಿ ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ಡೇರೆಯ ಗೂಟಗಳ ಮೇಲೆ ಕಲ್ಲು ಹೇರಿದರು, ಕಲ್ಲಿನ ಮೇಲೆ ಇನ್ನೊಂದು ಕಲ್ಲು ಹೇರಿದರು. ಮಳೆ ಮೇಲಿನಿಂದ ಬೀಳದೆ ಪಕ್ಕದಿಂದ ಬರುತ್ತಿತ್ತು, ನಡುನಡುವೆ ಆಲಿಕಲ್ಲು ಬಂದು ಕೆನ್ನೆಗೆ ತಟತಟನೆ ಬಡಿಯುತ್ತಿತ್ತು.

ಎಂಟೂಮುಕ್ಕಾಲಿಗೆ ಕೆಳಗಿನಿಂದ ಸೆಕ್ರೆಟರಿ ವೈರ್‌ಲೆಸ್ಸಿನಲ್ಲಿ ಬಂದ. ಮೇಲೆ ಹೇಗಿದೆ, ಓಟ ಬಿಡೋಣವೋ ನಿಲ್ಲಿಸೋಣವೋ, ನೀವು ಹೇಳಿದ ಹಾಗೆ ಎಂದ. ಡ್ರೈವರ್ ಸೆಟ್ಟನ್ನು ಕಂಡಕ್ಟರ್ ಕೈಗಿತ್ತು, ನಿಲ್ಸು ಮಾರಾಯ, ನಾಯಿಯನ್ನೂ ಹೊರಗೆ ಬಿಡೋ ದಿನ ಅಲ್ಲ ಇದು ಎಂದ. ಕಂಡಕ್ಟರಿಗೂ ಹಾಗೇ ಅನ್ನಿಸಿತ್ತು. ಬೇರೆ ಯಾವ ವರ್ಷವಾದರೂ ಎರಡನೇ ಮಾತಿಲ್ಲದೆ ನಿಲ್ಲಿಸುತ್ತಿದ್ದ. ಆದರೆ ಈಗ ನಿಲ್ಲಿಸಿದರೆ ಕ್ಷೌರದ ಅಂಗಡಿಯಲ್ಲಿ ಏನು ಹೇಳುತ್ತಾರೆ ಎಂಬುದು ಗಾಳಿಯ ಸದ್ದಿಗಿಂತ ಜೋರಾಗಿ ಅವನ ಕಿವಿಯಲ್ಲಿ ಕೇಳಿಸಿತು. ಮುದುಕ ಹೆದರಿಬಿಟ್ಟ. ಹಲಗೆ ಉಳಿಸಿಕೊಂಡ. ಅವನು ಸೆಟ್ಟಿನ ಗುಂಡಿ ಒತ್ತಿ, ಓಡಲಿ, ಏನೂ ಆಗಲ್ಲ ಎಂದ.

ಒಂಬತ್ತಕ್ಕೆ ಓಟ ಶುರುವಾಯಿತು. ದಕ್ಷಿಣದ ಏರಿನಲ್ಲಿ ಹತ್ತಿ, ನೆತ್ತಿ ಮುಟ್ಟಿ, ಉತ್ತರದ ಇಳಿಜಾರಿನಲ್ಲಿ ಇಳಿಯುವ ದಾರಿ. ಆ ದಾಖಲೆಯ ವರ್ಷ ಕಂಡಕ್ಟರ್ ನೆತ್ತಿ ಮುಟ್ಟಿದ್ದು ಅರವತ್ತೊಂದನೇ ನಿಮಿಷಕ್ಕೆ. ಅದು ಅವನಿಗೆ ಹೆಂಡತಿಯ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿತ್ತು. ಐವತ್ತು ನಿಮಿಷ ದಾಟಿದ ಮೇಲೆ ಅವನು ಡೇರೆಯಿಂದ ಹೊರಗೆ ಬಂದು ಕಲ್ಲುಗುಪ್ಪೆಯ ಮರೆಯಲ್ಲಿ ನಿಂತ. ಬೆಚ್ಚಗಿರಲಿ ಎಂದು ಪಂಚನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಈ ಹವೆಯಲ್ಲಿ ಯಾರೂ ಎಪ್ಪತ್ತು ನಿಮಿಷಕ್ಕೆ ಮೊದಲು ಬರಲಾರರು, ಮಳೆಯೇ ತನ್ನ ಕೆಲಸ ಮಾಡುತ್ತದೆ ಎಂದು ಒಳಗೊಳಗೇ ಹಾಯೆನಿಸಿತ್ತು.

ಐವತ್ತೆಂಟನೇ ನಿಮಿಷಕ್ಕೆ ಮಂಜಿನೊಳಗಿಂದ ಅಳಿಯ ಬಂದ.

ಕಂಡಕ್ಟರ್ ಮೊದಲು ನೋಡಿದ್ದು ಗಡಿಯಾರವನ್ನು, ಆಮೇಲೆ ಆಳನ್ನು. ಮೂರು ನಿಮಿಷ ಮುಂದಿದ್ದಾನೆ. ಆಮೇಲೆ ಆಳು ಕಣ್ಣಿಗೆ ಬಿದ್ದ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ನಡುಗಬೇಕಾದ ಮೈ ನಡುಗುತ್ತಿರಲಿಲ್ಲ. ಕಣ್ಣು ಮಾವನ ಮೇಲಿದ್ದರೂ ಮಾವನನ್ನು ನೋಡುತ್ತಿರಲಿಲ್ಲ. ಎರಡೂ ಕೈ ಮಡಚಿಕೊಂಡು ಎದೆಗೆ ಅಂಟಿದ್ದವು, ಕಾರ್ಡು ಅವುಗಳ ನಡುವೆ ತೂಗುತ್ತಿತ್ತು.

"ನಂಬರ್?"

ಅಳಿಯ ಬಾಯಿ ತೆರೆದ.

"ನಾಲ್ಕನೇ ಮಹಡಿ," ಎಂದ.

ಕಂಡಕ್ಟರಿಗೆ ಗೊತ್ತಾಯಿತು. ಅದು ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ, ನಿಯಮ ಮಾಡಿದವನೇ ಅವನು. ಆದರೆ ಗೊತ್ತಾದ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು: ಗೇಲಿ ಮಾಡುತ್ತಿದ್ದಾನೆ, ಲಿಫ್ಟಿನವನು ಲಿಫ್ಟಿನ ಭಾಷೆಯಲ್ಲಿ ಗೇಲಿ ಮಾಡುತ್ತಿದ್ದಾನೆ, ತಡೆದರೆ ಕೆಳಗೆ ಹೋಗಿ ಎಲ್ಲರ ಮುಂದೆ ನಗುತ್ತಾನೆ. ಅದು ಸುಳ್ಳು ಎಂದೂ ಅವನಿಗೆ ಗೊತ್ತಿತ್ತು. ಸುಳ್ಳು ಬೇಕಾಗಿತ್ತು, ಹಿಡಿದುಕೊಂಡ. ತಡೆಯಲ್ಲ ಅಂದಿದ್ದೆನಲ್ಲ, ಹೋಗು. ಅವನು ಕಾರ್ಡನ್ನು ತಾನೇ ಎಳೆದು, ಕೈಗೆ ಸಿಕ್ಕ ಮೂಲೆಗೆ ಪಂಚು ಒತ್ತಿದ.

"ರೈಟ್," ಎಂದ. ಆಮೇಲೆ ತನಗೇ ಕೇಳುವಷ್ಟು ಮೆಲ್ಲಗೆ, "ಹಾಳಾಗಿ ಹೋಗು" ಎಂದ.

ಅಳಿಯ ಉತ್ತರದ ಕಡೆ ತಿರುಗಿ, ಒಂದು ಸಲ ಮುಗ್ಗರಿಸಿ, ಮಂಜಿನಲ್ಲಿ ಕರಗಿದ. ಹಾಳಾಗಿ ಹೋಗು ಎಂದು ಕಂಡಕ್ಟರ್ ಬಸ್ಸಿನಲ್ಲಿ ದಿನಕ್ಕೆ ಇಪ್ಪತ್ತು ಜನರಿಗೆ ಅಂದಿದ್ದಾನೆ, ಯಾರೂ ಹಾಳಾಗಿ ಹೋಗಿರಲಿಲ್ಲ. ಡೇರೆಯೊಳಗೆ ಬೆನ್ನು ಹಾಕಿ ಕೂತಿದ್ದ ಡ್ರೈವರ್ ಏನನ್ನೂ ನೋಡಿರಲಿಲ್ಲ. ಯಾರು ಬಂದಿದ್ದು ಎಂದು ಕೂಗಿ ಕೇಳಿದ. ಹದಿನೇಳು, ರೈಟ್ ಎಂದು ಕೆಳಗೆ ಹೇಳು ಎಂದ ಕಂಡಕ್ಟರ್. ಡ್ರೈವರ್ ಹೇಳಿದ. ವೈರ್‌ಲೆಸ್ಸಿನಲ್ಲಿ ಗೊರಗೊರ ಸದ್ದಿನ ಹಿಂದೆ ಜನ ಹೋ ಎಂದದ್ದು ಕೇಳಿಸಿತು.

ಏಳು ನಿಮಿಷದ ನಂತರ ಎರಡನೆಯವಳಾಗಿ ಟೀಚರ್ ಬಂದಳು. ಹೈಸ್ಕೂಲಿನಲ್ಲಿ ಗಣಿತ ಹೇಳುವ, ನಲವತ್ತು ದಾಟಿದ ಹೆಂಗಸು. ಗಡಗಡ ನಡುಗುತ್ತಿದ್ದಳು, ಹಲ್ಲು ಕಟಕಟ ಅನ್ನುತ್ತಿದ್ದವು. ಆದರೂ ಕಾರ್ಡನ್ನು ತಾನೇ ಹಿಡಿದು, ಬೊಟ್ಟಿನ ಮೇಲೆ ಹೆಬ್ಬೆರಳನ್ನು ಅದು ಬೆಳ್ಳಗಾಗುವಷ್ಟು ಒತ್ತಿ, "ಮೂವತ್ತನಾಲ್ಕು" ಎಂದು ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದಳು. ಕಂಡಕ್ಟರ್ ಎಡಮೂಲೆಗೆ ತೂತು ಹೊಡೆದ. ಹೊಡೆಯುವಾಗ ಅವನ ಕಣ್ಣು ಆ ಬಿಳಿ ಹೆಬ್ಬೆರಳಿನ ಮೇಲೇ ಇತ್ತು. ಈ ದಿನ ಯಾರನ್ನೂ ಬಿಡಬಾರದಿತ್ತು ರೀ ಎಂದು ಬೈದುಕೊಂಡೇ ಅವಳು ಇಳಿದು ಹೋದಳು.

ಅವಳು ಹೋದ ಮೇಲೆ ಅವನು ಡೇರೆಗೆ ನುಗ್ಗಿ ಡ್ರೈವರನ ಕೈಗೆ ಪಂಚು ತುರುಕಿ, ಅರ್ಧದಾರಿಯ ಕಾವಲಿನವರಿಗೆ ಎಲ್ಲರನ್ನೂ ನಿಲ್ಲಿಸಲು ಹೇಳು, ಮೇಲೆ ಬಂದವರನ್ನು ಇಲ್ಲೇ ಕೂರಿಸಿಕೋ ಎಂದ. ಏನಾಯ್ತೋ ಎಂದು ಡ್ರೈವರ್ ಕೇಳಿದ. ಅವನು ಅಷ್ಟರಲ್ಲಿ ಕಂಬಳಿಯೊಂದನ್ನು ಎಳೆದುಕೊಂಡು ಉತ್ತರದ ಇಳಿಜಾರಿಗೆ ಇಳಿದಿದ್ದ.

ಅರವತ್ತೆರಡರ ಮನುಷ್ಯ, ಬಲಮಂಡಿ ಇದ್ದೂ ಇಲ್ಲದ ಲೆಕ್ಕ, ಕಾಲಲ್ಲಿ ರಬ್ಬರ್ ಬೂಟು. ಇಪ್ಪತ್ತಮೂರು ವರ್ಷದ ಹಿಂದೆ ಅವನು ಹಾರಿಕೊಂಡು ಇಳಿದ ಇಳಿಜಾರು ಅದು. ಈಗ ಅರ್ಧ ಓಡಿದ, ಅರ್ಧ ಕುಂಡೆಯ ಮೇಲೆ ಜಾರಿದ. ಗುಡ್ಡಕ್ಕೆ ಅವನ ಹಳೆಯ ಪರಿಚಯ ಕಿಂಚಿತ್ತೂ ನೆನಪಿದ್ದಂತಿರಲಿಲ್ಲ. ಹುಲ್ಲು ಕಾಲು ನಿಲ್ಲಗೊಡಲಿಲ್ಲ, ಹಿಡಿದ ಕಲ್ಲು ಕೈಗೇ ಕಿತ್ತುಬಂತು, ಗಾಳಿ ಉಸಿರನ್ನು ಬಾಯೊಳಗೇ ತುರುಕಿತು. ಹದಿನೇಳೇ, ಹದಿನೇಳೇ ಎಂದು ಕೂಗಿದ. ಆರು ವರ್ಷದಿಂದ ಹೆಸರು ಹಿಡಿದು ಕರೆಯದ ಬಾಯಿಗೆ ಆಗಲೂ ಬಂದದ್ದು ನಂಬರೇ.

ಮೊದಲು ಸಿಕ್ಕಿದ್ದು ಅಳಿಯನ ಜಾಕೆಟ್ಟು. ದಾರಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಹುಲ್ಲಿನ ಮೇಲೆ, ಬಿಚ್ಚಿ ಎಸೆದದ್ದು. ಅದರ ಮುಂದೆ ಬನಿಯನ್ನು. ಅದರ ಮುಂದೆ ಅಳಿಯ ಬರಿಮೈಯಲ್ಲಿ ಆ ಮಳೆಯೊಳಗೆ ನಿಧಾನವಾಗಿ ನಡೆಯುತ್ತಿದ್ದ, ಸಂಜೆ ವಾಕಿಂಗ್ ಹೊರಟವನ ಹಾಗೆ. ನಡೆಯುತ್ತಿದ್ದ ದಿಕ್ಕಿನಲ್ಲಿ ಇದ್ದದ್ದು ಹನ್ನೆರಡು ವರ್ಷದ ಹಿಂದೆ ಓಟಗಾರ ಬಿದ್ದು ಸತ್ತ ಆ ಕೊರಕಲು. ಕಂಡಕ್ಟರ್ ಹಿಂದಿನಿಂದ ತೋಳು ಹಿಡಿದ. ಅಳಿಯ ತಿರುಗಿ ನೋಡಿದ. ಈ ಸಲ ಮಾವನ ಗುರುತು ಸಿಕ್ಕಿತು, ಮುಖ ಗಂಟಿಕ್ಕಿತು.

"ಬಂದ್ರಾ, ತಡೆಯೋದಕ್ಕೆ? ಗೊತ್ತಿತ್ತು ನನಗೆ."

"ಆ ಕಡೆ ದಾರಿ ಇಲ್ಲ ಕಣೋ. ಕೂತ್ಕೋ."

"ಬಿಡ್ರಿ. ಸೆಕೆ ಆಗ್ತಿದೆ. ಬಿಡ್ರಿ ನನ್ನ."

ಅಷ್ಟು ಹೊತ್ತು ಬೊಂಬೆಯ ಹಾಗಿದ್ದವನಿಗೆ ಎಲ್ಲಿಂದ ಬಂತೋ ಶಕ್ತಿ, ಮೊಣಕೈಯಿಂದ ಮಾವನ ಮೂಗಿಗೆ ಕೊಟ್ಟ. ರಕ್ತ ಬಂತು. ಕಂಡಕ್ಟರ್ ಅವನ ಕಾಲಿಗೆ ಕಾಲು ಕೊಟ್ಟು ಕೆಡವಿದ. ಕೆಡವಿ, ಎದೆಯ ಮೇಲೆ ಕೂತು, ಎರಡೂ ಕೈ ಅದುಮಿ ಹಿಡಿದು, ಕಂಬಳಿಯನ್ನು ಹಲ್ಲಿನಿಂದ ಎಳೆದು ಹೊದೆಸಲು ನೋಡಿದ. ಆರು ವರ್ಷ ಮನಸ್ಸಿನೊಳಗೆ ಎಷ್ಟು ಸಲ ಅವನು ಈ ಆಳನ್ನು ಹೀಗೆ ನೆಲಕ್ಕೆ ಕೆಡವಿರಲಿಲ್ಲ? ಈಗ ಕೆಡವಿದಾಗ ಸಾಯಬೇಡ, ಸಾಯಬೇಡ ಎಂಬುದು ಬಿಟ್ಟರೆ ಬೇರೇನೂ ಬಾಯಿಗೆ ಬರಲಿಲ್ಲ. ಅಳಿಯ ಮಾತ್ರ, ನನ್ನ ದಾಖಲೆ, ಬಿಡ್ರಿ, ನನ್ನ ದಾಖಲೆ ಎಂದು ಗುಡ್ಡಕ್ಕೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದ.

ವೈರ್‌ಲೆಸ್ಸಿನ ಸುದ್ದಿ ಅರ್ಧದಾರಿ ಮುಟ್ಟುವ ಮೊದಲೇ ಅದನ್ನು ದಾಟಿದ್ದ ಇಬ್ಬರು ಓಟಗಾರರು, ಡ್ರೈವರ್ ಕೂಗಿದರೂ ನಿಲ್ಲದೆ, ಆಗ ಇಳಿದು ಬಂದರು. ಅವರು ಕಂಡದ್ದು ಇದನ್ನು: ದಾಖಲೆಗೆ ಓಡುತ್ತಿದ್ದ ಅಳಿಯ ಕೆಳಗೆ, ದಾಖಲೆ ಇಟ್ಟುಕೊಂಡಿರುವ ಮಾವ ಅವನ ಎದೆಯ ಮೇಲೆ. ಇಬ್ಬರೂ ಸೇರಿ ಹೊತ್ತು ಇಳಿಸಲು ಕೈಜೋಡಿಸಿದರು, ಅದರಲ್ಲಿ ಕೊರತೆ ಮಾಡಲಿಲ್ಲ. ಆದರೆ ದಾರಿಯುದ್ದಕ್ಕೂ ಕಂಡಕ್ಟರ್ ಮುಖ ನೋಡಲಿಲ್ಲ.

ಅಳಿಯ ಬದುಕಿದ. ಆಸ್ಪತ್ರೆಯಲ್ಲಿ ಎರಡು ದಿನ ಬಿಸಿನೀರಿನ ಚೀಲಗಳ ನಡುವೆ ಮಲಗಿ ಎದ್ದ. ಬಲಗೈಯ ಎರಡು ಬೆರಳಿಗೆ ಸ್ಪರ್ಶ ಬರಲು ಇನ್ನೂ ತಿಂಗಳುಗಳು ಬೇಕು ಎಂದು ಡಾಕ್ಟರ್ ಹೇಳಿದರು. ಗುಡ್ಡ ಹತ್ತಿದ್ದು ಅವನಿಗೆ ನೆನಪಿತ್ತು, ನೆತ್ತಿ ನೆನಪಿರಲಿಲ್ಲ. ಅಲ್ಲಿಂದ ಮುಂದೆ ಒಂದೇ ಒಂದು ನೆನಪು: ಎದೆಯ ಮೇಲೆ ಮಾವ. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದ.

ಊರಿಗೆ ಅಷ್ಟು ಸಾಕಾಯಿತು. ಕ್ಷೌರದ ಅಂಗಡಿಯಲ್ಲಿ ಉಪ್ಪು ಖಾರ ಹಚ್ಚಿ ಮಾತು ತಯಾರಾಯಿತು, ಮತ್ತು ಮಾತಿನಲ್ಲಿ ತರ್ಕವೂ ಇತ್ತು. ನೆತ್ತಿಯಲ್ಲಿ ತೂತು ಬಿದ್ದಿದೆ ಅಂದರೆ ಆಳು ಗಟ್ಟಿಯಿದ್ದ ಅಂತ ಅರ್ಥ, ಅದು ಕಂಡಕ್ಟರ್ ಮಾಡಿದ ನಿಯಮವೇ ತಾನೆ? ಗಟ್ಟಿಯಿದ್ದವನಿಗೆ ಕಾಲು ಗಂಟೆಯಲ್ಲಿ ಏನಾಗಲು ಸಾಧ್ಯ? ಅಷ್ಟು ಜನರ ಮುಂದೆ ಆಣೆ ಮಾಡಿದ್ದಕ್ಕೆ ಮೇಲೆ ತಡೆಯಲು ಮುಖವಿರಲಿಲ್ಲ, ಹಿಂದೆ ಹೋಗಿ ಮಂಜಿನಲ್ಲಿ ಕೆಡವಿಕೊಂಡ. ಒದ್ದೆ ನೆಲದಲ್ಲಿ ಅಷ್ಟು ಹೊತ್ತು ಅದುಮಿ ಹಿಡಿದರೆ ಯಾರಿಗೆ ಚಳಿ ಹಿಡಿಯುವುದಿಲ್ಲ? ಬನಿಯನ್ ಬಿಚ್ಚಿದ್ದೂ ಅವನೇ ಎಂದು ಒಬ್ಬ ಸೇರಿಸಿದ. ಹಾಲಿನ ಅಂಗಡಿಯವಳು ಅವನಿಗೆ ಚೀಲ ಕೊಡುವಾಗ ಕಣ್ಣೆತ್ತಿ ನೋಡುವುದನ್ನು ಬಿಟ್ಟಳು. ಯಾರೋ ರಾತ್ರಿ ಅವನ ಗೇಟಿಗೆ ಒಂದು ಹಾಳೆ ಅಂಟಿಸಿ ಹೋಗಿದ್ದರು, ಅದರಲ್ಲಿ ಇದ್ದದ್ದು ಒಂದು ಗಂಟೆ ಮೂವತ್ತೆಂಟು ನಿಮಿಷ ಹನ್ನೆರಡು ಸೆಕೆಂಡು, ಅಷ್ಟೇ. ಡ್ರೈವರ್ ಮಾತ್ರ ದಿನಾ ಬಂದು ಕೂರುತ್ತಿದ್ದ. ನೀನು ಯಾಕೆ ಬಾಯಿ ಬಿಡಲ್ಲ, ಆಗಿದ್ದನ್ನ ಆಗಿದ್ದ ಹಾಗೆ ಹೇಳು ಎಂದು ಬೈಯುತ್ತಿದ್ದ.

ಆಗಿದ್ದನ್ನು ಆಗಿದ್ದ ಹಾಗೆ ಹೇಳಿದರೆ ಈ ಅಪವಾದ ಹೋಗುತ್ತದೆ, ಅದಕ್ಕಿಂತ ದೊಡ್ಡ ಸತ್ಯ ಬರುತ್ತದೆ. ಅದು ಕಂಡಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಬಾಯಿಗೆ ಬೀಗ ಹಾಕಿಕೊಂಡ. ನಾಚಿಕೆಗೇಡು ಏನೆಂದರೆ, ಒಂದು ವಾರ ಕಳೆಯುವಷ್ಟರಲ್ಲಿ ಆ ಸುಳ್ಳು ಅಪವಾದ ಅವನಿಗೆ ಹಿತವಾಗತೊಡಗಿತು. ಬೈಸಿಕೊಂಡಷ್ಟೂ ತಾನು ಅನ್ಯಾಯಕ್ಕೊಳಗಾದವನು ಎಂಬ ಭಾವನೆ ಗಟ್ಟಿಯಾಯಿತು. ಜೀವ ಉಳಿಸಿದ್ದೇನೆ, ಮೂಗು ಒಡೆಸಿಕೊಂಡಿದ್ದೇನೆ, ಪ್ರತಿಯಾಗಿ ಇದು. ರಾತ್ರಿ ಗಾಢ ನಿದ್ದೆಯೂ ಬರತೊಡಗಿತ್ತು.

ಹತ್ತನೆಯ ದಿನ ಮಧ್ಯಾಹ್ನ ಮಗಳು ಬಂದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು, ಕೂದಲೆಳೆಯಷ್ಟು ಆಚೀಚೆಯಾದರೂ ಅವಳ ಕಣ್ಣಿಗೆ ಬೀಳುತ್ತದೆ. ಕೆಲಸದ ನಡುವೆಯೇ ಎದ್ದು ಬಂದಿದ್ದಳು, ಏಪ್ರನ್ನಿನ ಮೇಲೆ ಗಾಜಿನ ಬಿಳಿ ಪುಡಿ ಹಾಗೇ ಇತ್ತು. ಅಪ್ಪ ನೀರು ಕೊಡಲು ಹೋದರೆ ಬೇಡ ಎಂದಳು. ಅಡುಗೆಮನೆಯ ಮೇಜಿನ ಮುಂದೆ, ಒಂದು ಕಾಲದಲ್ಲಿ ಬಕೆಟ್ ಇಟ್ಟುಕೊಂಡು ಕೂತಿದ್ದ ಜಾಗದಲ್ಲೇ ಕೂತಳು.

ಕಂಡಕ್ಟರ್ ತಾನಾಗಿಯೇ ಶುರುಮಾಡಿದ. ಊರವರು ಹೇಳುವುದನ್ನು ನೀನೂ ನಂಬಿದೆಯೇನೋ, ನಿನ್ನ ಗಂಡನೂ ಅದನ್ನೇ ಹೇಳುತ್ತಾನೆ, ಹೇಳಲಿ, ನಾನು ಯಾರಿಗೂ ಏನೂ ಹೇಳುವುದಿಲ್ಲ ಎಂದ. ದನಿಯಲ್ಲಿ ಸ್ವಲ್ಪ ಗದ್ಗದವೂ ಇತ್ತು, ಅದನ್ನು ಅವನು ತಡೆಯಲಿಲ್ಲ.

"ನಾನು ನಂಬಿಲ್ಲಪ್ಪ," ಎಂದಳು ಅವಳು. "ಸೆಕೆ ಅಂತ ಬಟ್ಟೆ ಬಿಚ್ಚಿ ಹಾಕೋದು ಯಾವಾಗ ಅಂತ ಡಾಕ್ಟರ್ ಹೇಳಿದ್ರು. ನೀನು ಹಿಡಿದಿಲ್ಲ ಅಂದಿದ್ರೆ ಅವರು ಇವತ್ತು ಇರ್ತಿರಲಿಲ್ಲ. ಅದು ನನಗೆ ಗೊತ್ತು."

ಕಂಡಕ್ಟರಿಗೆ ಕಣ್ಣು ತುಂಬಿ ಬಂತು. ಹತ್ತು ದಿನದಲ್ಲಿ ಮೊದಲ ಸಲ ಯಾರೋ ಹೀಗೆ ಹೇಳಿದ್ದರು, ಹೇಳಬೇಕಾದವಳೇ ಹೇಳಿದ್ದಳು.

ಅವಳು ಏಪ್ರನ್ನಿನ ಜೇಬಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಆಸ್ಪತ್ರೆಯವರು ಗಂಡನ ಬಟ್ಟೆಯ ಜೊತೆ ಚೀಲದಲ್ಲಿ ಹಾಕಿ ಕೊಟ್ಟದ್ದು. ಒದ್ದೆಯಾಗಿ ಒಣಗಿ ಸೊಟ್ಟಗಾಗಿತ್ತು, ಹದಿನೇಳು ಎಂಬುದು ಅರ್ಧ ಅಳಿಸಿತ್ತು.

"ಇದನ್ನ ಹಿಡಿ ಅಪ್ಪ. ಮೇಲೆ ಬಂದವರು ಹಿಡೀತಾರಲ್ಲ, ಹಾಗೆ."

ಏನೆಂದು ಅರ್ಥವಾಗದೆ ಅವನು ಕಾರ್ಡನ್ನು ತೆಗೆದುಕೊಂಡು ಹೆಬ್ಬೆರಳನ್ನು ಬಲಮೂಲೆಯ ಬೊಟ್ಟಿನ ಮೇಲೆ ಒತ್ತಿದ. ಬೊಟ್ಟು ಇರಲಿಲ್ಲ. ಅದು ಇರಬೇಕಾದಲ್ಲಿ ತೂತು ಇತ್ತು. ಅವನ ಹೆಬ್ಬೆರಳು ಆ ತೂತಿನ ಮೂಲಕ, ಕೆಳಗಿದ್ದ ತನ್ನದೇ ತೋರುಬೆರಳನ್ನು ಮುಟ್ಟಿತು.

ಎಡಮೂಲೆ ಹಾಗೇ ಇತ್ತು, ಅಚ್ಚುಕಟ್ಟಾಗಿ, ತೂತಿಲ್ಲದೆ.

"ಅವರು ಹಿಡಿದಿದ್ರೆ ಅವರ ಹೆಬ್ಬೆರಳು ತೂತಾಗಿರಬೇಕಿತ್ತು," ಎಂದಳು ಮಗಳು. "ನಾನು ನೋಡಿದೆ. ಆಗಿಲ್ಲ."

ಗೇಲಿ ಮಾಡುತ್ತಿದ್ದಾನೆ ಅಂದುಕೊಂಡೆ ಎಂದು ಹೇಳಲು ಅವನು ಬಾಯಿ ತೆರೆದ. ಎದುರಿಗೆ ಅವಳ ಕೈ ಮೇಜಿನ ಮೇಲಿತ್ತು, ಐಸಿನ ನೀರಿನಲ್ಲಿ ಕೆಂಪಾಗಿ ಮರಗಟ್ಟಿ ಕಾರ್ಡನ್ನು ಬೀಳಿಸಿ ನಗುತ್ತಿದ್ದ ಅದೇ ಕೈ.

"ಎಲ್ಲಾರೂ ನೀನು ತಡೆದಿದ್ದಕ್ಕೆ ಬೈತಿದಾರೆ. ಬಿಟ್ಟಿದ್ದು ಯಾರಿಗೂ ಗೊತ್ತಿಲ್ಲ."

"ಅವನಿಗೆ ಹೇಳ್ತೀಯಾ?"

"ಇಲ್ಲ. ಹೇಳಿದ್ರೆ ಅವರು ನಿನ್ನ ಮುಖ ನೋಡಲ್ಲ, ನಾನು ನೋಡೋಕೂ ಬಿಡಲ್ಲ. ನಾನಾದ್ರೂ ನೋಡ್ಬೇಕಲ್ಲ, ಅಪ್ಪ ನೀನು." ಅವಳು ಎದ್ದು ನಿಂತಳು. "ಪಂಚ್ ಕೊಡು. ಮುಂದಿನ ವರ್ಷದಿಂದ ಮೇಲೆ ನಾನು ಕೂರ್ತೀನಿ."

ಪಂಚು ಎಂದಿನಂತೆ ಒಲೆಯ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಅವನು ಎದ್ದು ಹೋಗಿ ತೆಗೆದ. ಮೂವತ್ತೊಂದು ವರ್ಷ ಅವನ ಅಂಗೈಯಲ್ಲಿ ಸವೆದು ಹಿಡಿ ನುಣ್ಣಗಾಗಿತ್ತು. ಸೊಂಟಕ್ಕೆ ಸಿಕ್ಕಿಸುವ ಚರ್ಮದ ಪಟ್ಟಿಯ ಸಮೇತ ಅವಳ ಕೈಗೆ ಕೊಟ್ಟ. ಅವಳು ಒಂದು ಸಲ ಗಾಳಿಯಲ್ಲಿ ಒತ್ತಿ, ಹಲ್ಲು ಸರಿಯಾಗಿ ಕೂರುತ್ತಿದೆಯೇ ನೋಡಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬಾಗಿಲನ್ನು ಸದ್ದಾಗದಂತೆ ಮುಂದೆಳೆದುಕೊಂಡು ಹೋದಳು.

ಕಾರ್ಡನ್ನು ಮಾತ್ರ ತೆಗೆದುಕೊಂಡು ಹೋಗಲಿಲ್ಲ. ಅದು ಇನ್ನೂ ಅವನ ಕೈಯಲ್ಲೇ ಇತ್ತು. ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಅವನ ಹೆಸರು, ಅದರ ಮುಂದಿನ ಒಂದು ಗಂಟೆ ಮೂವತ್ತೆಂಟು ನಿಮಿಷ ಹನ್ನೆರಡು ಸೆಕೆಂಡು ಇವತ್ತಿಗೂ ಹಾಗೇ ಇವೆ, ಯಾರೂ ಕೆರೆದಿಲ್ಲ. ನೋಡಿಕೊಂಡು ಬರಲು ಕಂಡಕ್ಟರ್ ಆಮೇಲೆ ಆ ಮೆಟ್ಟಿಲು ಹತ್ತಲಿಲ್ಲ.